ಆಸ್ತಿ ವಿವರದ ಅಫಿಡವಿಟ್ಟನ್ನು ಕಾಟಾಚಾರಕ್ಕೆ ಬರೆಯಬೇಡಿ

ಜೀವನಾಂಶದ ಕೇಸಿನಲ್ಲಿ ಸಾಕ್ಷಿ ವಿಚಾರಣೆಗೂ ಮೊದಲೇ ಆಗಬೇಕಾದ ಕೆಲಸವೊಂದಿದೆ. ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಮಾಡಿತು. ಕೆಳಗಿನ ಕೋರ್ಟುಗಳು ಪಾಲಿಸುತ್ತಿಲ್ಲವೆಂದು 2023ರಲ್ಲಿ ಮತ್ತೆ ಹೇಳಬೇಕಾಯಿತು. ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗೆ ಕೊಡಬೇಕಾದ ಹಣ ಎಷ್ಟೆಂಬುದು ಬಹುಪಾಲು ಈ ಅಫಿಡವಿಟ್ಟಿನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಪಿನ ಜೊತೆಗೇ ನಮೂನೆಗಳಿವೆ. ಮೊದಲನೆಯದು ಸಂಬಳ, ವ್ಯಾಪಾರದವರಿಗೆ. ಎರಡನೆಯದು ಕೃಷಿಕರಿಗೆ: ಜಮೀನು ತರಿಯೋ ಖುಷ್ಕಿಯೋ, ಬೆಳೆ ಏನು, ಮೂರು ವರ್ಷದ ಆದಾಯ ಎಷ್ಟು, ದನಕರು ಎಷ್ಟು ಎಂದೆಲ್ಲ ಕೇಳುತ್ತದೆ. ಹತ್ತು ಎಕರೆ ತೋಟದವನು ಮೊದಲನೇ ನಮೂನೆ ತುಂಬಿ ಸಂಬಳದ ಜಾಗದಲ್ಲಿ 'ಇಲ್ಲ' ಎಂದು ಬರೆದರೆ ತೋಟದ ಆದಾಯ ಕಣ್ಣಿಗೇ ಬೀಳುವುದಿಲ್ಲ. ಆಗಲೇ ಆಕ್ಷೇಪಿಸಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ವಿವರ ಇರುತ್ತದೆ. ಅದನ್ನು ತೆಗೆಸಿ ಜೊತೆಗಿಡಿ.

ಎದುರು ಪಕ್ಷದ ಅಫಿಡವಿಟ್ ಬಂದಾಗ ಮೊದಲು ನೋಡಬೇಕಾದ್ದು ಬ್ಯಾಂಕ್ ಸ್ಟೇಟ್‌ಮೆಂಟ್. ಬಂದ ಹಣಕ್ಕಿಂತ ಹೋದ ಹಣ ಹೆಚ್ಚು ಮಾತಾಡುತ್ತದೆ. ತಿಂಗಳಿಗೊಮ್ಮೆ ಎಸ್‌ಐಪಿ ಕಟ್ಟಾಗಿದೆಯೇ? ಹಾಗಾದರೆ ಮ್ಯೂಚುವಲ್ ಫಂಡ್ ಇದೆ. ವಿಮೆಯ ಕಂತು ಹೋಗಿದ್ದರೆ ಪಾಲಿಸಿ ಇದೆ. ಗೃಹಸಾಲದ ಕಂತಿದ್ದರೆ ಮನೆ ಯಾರ ಹೆಸರಿನಲ್ಲಿದೆ? ತಮ್ಮದೇ ಇನ್ನೊಂದು ಖಾತೆಗೆ ಹಣ ದಾಟಿದ್ದರೆ ಆ ಖಾತೆ ಪಟ್ಟಿಯಲ್ಲಿದೆಯೇ? ಮದುವೆಯ ನಂತರ ಮಾರಿದ, ವರ್ಗಾಯಿಸಿದ ಆಸ್ತಿಯ ವಿವರವನ್ನೂ ನಮೂನೆ ಕೇಳುತ್ತದೆ. ನೋಟಿಸ್ ತಲುಪಿದ ಮೇಲೆ ಅಣ್ಣನ ಹೆಸರಿಗೆ ದಾನಪತ್ರ ಆಗಿದ್ದರೆ ಮದುವೆಯ ವರ್ಷದಿಂದ ಇಲ್ಲಿಯವರೆಗಿನ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣುತ್ತದೆ. ನೋಂದಣಿಯಾಗದ ಕರಾರು ಮಾತ್ರ ಅಲ್ಲಿ ಸಿಗುವುದಿಲ್ಲ.

'ಎಲ್ಲವೂ ಸುಳ್ಳು' ಎಂದು ಆಕ್ಷೇಪಣೆ ಬರೆದು ಕೂತರೆ ನಯಾಪೈಸೆ ಪ್ರಯೋಜನವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ಲಿಖಿತ ಪ್ರಶ್ನೆ ಹಾಕಬಹುದು, ದಾಖಲೆ ಹಾಜರುಪಡಿಸಲು ಕೇಳಬಹುದು. ಅರ್ಜಿಯಲ್ಲಿ ಯಾವ ಬ್ಯಾಂಕು, ಯಾವ ಶಾಖೆ, ಯಾವ ಅವಧಿ ಎಂದು ಬರೆಯಿರಿ. 'ಎಲ್ಲ ದಾಖಲೆ ಕೊಡಿಸಿ' ಎಂಬ ಅರ್ಜಿ ಸಾಮಾನ್ಯವಾಗಿ ವಜಾ ಆಗುತ್ತದೆ. ಬೇಕೆಂದೇ ಬರೆದ ಸುಳ್ಳಿನ ಮೇಲೆ ಕ್ರಮ ಕೋರಿ ಅರ್ಜಿ ಹಾಕಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 340ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 379ನೇ ಕಲಂ ಇದೆ. ದಾಖಲೆ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತೋರಿಸಿದರೆ ಮಾತ್ರ ಆ ಅರ್ಜಿ ಕೋರ್ಟಿನಲ್ಲಿ ನಿಲ್ಲುತ್ತದೆ.

ಅರ್ಜಿ ಹಾಕಿದವರಿಗೂ ಇದೇ ನಿಯಮ. ಕೆಲಸ ಮಾಡುತ್ತಿದ್ದೂ 'ಆದಾಯವಿಲ್ಲ' ಎಂದು ಬರೆದ ಹೆಣ್ಣುಮಗಳ ನ್ಯಾಯವಾದ ಕೇಸೂ ಪಿಎಫ್ ದಾಖಲೆಯೊಂದು ಹೊರಬಂದ ಕೂಡಲೇ ಹಾಳಾಗುತ್ತದೆ. ಸಂಬಳ ಕಡಿಮೆಯಿದ್ದರೆ ಅದನ್ನು ಇದ್ದಂತೆಯೇ ತೋರಿಸಿ, ಸಾಲದು ಎಂದು ವಾದಿಸಿ. ನಡುವೆ ಕೆಲಸ ಸಿಕ್ಕರೆ ತಿದ್ದುಪಡಿ ಅಫಿಡವಿಟ್ ಹಾಕಿ.

ಪ್ರತಿವಾದಿ ನಾಲ್ಕು ವಾರದೊಳಗೆ ಉತ್ತರ, ಅಫಿಡವಿಟ್ ಸಲ್ಲಿಸಬೇಕು; ಅದಕ್ಕೆ ಎರಡಕ್ಕಿಂತ ಹೆಚ್ಚು ವಾಯಿದೆ ಇಲ್ಲ. ಬೇಕೆಂದೇ ಎಳೆದಾಡಿದರೆ ಅವರ ಪ್ರತಿರಕ್ಷೆಯನ್ನೇ (ಎದುರು ವಾದವನ್ನೇ) ತೆಗೆದುಹಾಕುವ ಅಧಿಕಾರ ಕೋರ್ಟಿಗಿದೆ. ಮೂರನೇ ವಾಯಿದೆ ಕೇಳಿದ ದಿನವೇ ತೀರ್ಪಿನ ಆ ಭಾಗವನ್ನು ಓದಿ ಹೇಳಲು ನಿಮ್ಮ ವಕೀಲರನ್ನು ಕೇಳಿಕೊಳ್ಳಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುವುದರಿಂದ, ತಡವಾದಷ್ಟೂ ಬಾಕಿ ಬೆಳೆಯುತ್ತದೆ ಎಂಬುದನ್ನೂ ಎದುರು ಪಕ್ಷಕ್ಕೆ ಅಲ್ಲೇ ನೆನಪಿಸಿ.