ಆ್ಯಪ್ ಡಿಲೀಟ್ ಮಾಡಿದರೂ ದುಡ್ಡು ಹೋಗುತ್ತಲೇ ಇರುತ್ತದೆ

ವಾರಕ್ಕಿಷ್ಟು ಅಂತ ದುಡ್ಡು ಕೇಳುವ ಆ್ಯಪ್ ಕಂಡರೆ ನಾನಂತೂ ಅಲ್ಲಿಗೇ ಕೈಬಿಡುತ್ತೇನೆ. ಕಾಗದ ಸ್ಕ್ಯಾನ್ ಮಾಡುವುದು, ಫೋಟೋ ಚೆಂದ ಮಾಡುವುದು, ಜಾತಕ ನೋಡುವುದು... ಇಷ್ಟಕ್ಕೆ ವಾರಕ್ಕೆ 299 ಅಂದರೆ ವರ್ಷಕ್ಕೆ 15,548 ರೂಪಾಯಿ! ವರ್ಷದ ಲೆಕ್ಕ ಹೇಳಿದರೆ ಯಾರೂ ಹತ್ತಿರ ಸುಳಿಯಲ್ಲ, ಅದಕ್ಕೇ ವಾರದ ಲೆಕ್ಕ.

ಮೊನ್ನೆ ನಮ್ಮ ಚಿಕ್ಕಮ್ಮನ ಫೋನಿನಲ್ಲಿ ಇಂಥದ್ದೊಂದು ನೋಡಿದೆ. ಸ್ಕ್ರೀನ್ ತುಂಬ ‘1 ರೂಪಾಯಿಗೆ ಶುರು ಮಾಡಿ’ ಅನ್ನುವ ಹಸಿರು ಬಟನ್. ಅದರ ಕೆಳಗೆ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ, ಮೂರು ದಿನ ಆದಮೇಲೆ ವಾರಕ್ಕೆ 299. ಮುಚ್ಚೋಣ ಅಂದರೆ ಇಂಟು ಗುರುತು ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲೆಲ್ಲೋ ಮೂಡುತ್ತದೆ. ಬಟನ್ ಒತ್ತಿದರೆ ಯುಪಿಐ ಪಿನ್ ಕೇಳುತ್ತದೆ. ಒಂದು ರೂಪಾಯಿ ತಾನೇ ಅಂತ ಹಾಕಿಬಿಡುತ್ತಾರೆ. ಆದರೆ ಆ ಪಿನ್ ಹಾಕಿದ ಕೂಡಲೇ ಆಟೋಪೇಗೆ, ಅಂದರೆ ಖಾತೆಯಿಂದ ಕಂತು ತಾನಾಗಿಯೇ ಕಡಿತವಾಗುವುದಕ್ಕೆ, ಒಪ್ಪಿಗೆ ಕೊಟ್ಟಂತೆ. ಆಮೇಲೆ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಪಿನ್ ಬೇಕಿಲ್ಲ. ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ತಿಳಿಸಬೇಕು ಅಂತ ನಿಯಮವಿದೆ. ಲೋನ್ ಬೇಕಾ, ಸೈಟ್ ಬೇಕಾ ಅನ್ನುವ ಮೆಸೇಜುಗಳ ರಾಶಿಯಲ್ಲಿ ಅದನ್ನು ಹುಡುಕಿ ಓದುವವರು ಯಾರು?

ಚಿಕ್ಕಮ್ಮ ಆ್ಯಪ್ ಡಿಲೀಟ್ ಮಾಡಿ ನಿಶ್ಚಿಂತೆಯಾಗಿದ್ದರು. “ತೆಗೆದುಹಾಕಿದೀನಲ್ಲೋ, ಇನ್ನೂ ಯಾಕೆ ದುಡ್ಡು ಹೋಗ್ತಿದೆ?” ಅಂತ ನನ್ನನ್ನೇ ಕೇಳಿದರು. ಆ್ಯಪ್ ತೆಗೆದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಮೇಲ್ಗಡೆ ಇರುವ ನಿಮ್ಮ ಫೋಟೋ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಅಲ್ಲಿ ಕಾಣದಿದ್ದರೆ, ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆಗೆದು ನೋಡಿ. ಚಿಕ್ಕಮ್ಮನದು ಸಿಕ್ಕಿದ್ದು ಅಲ್ಲೇ. ಜೊತೆಗೆ ಅವರು ಮರೆತೇಬಿಟ್ಟಿದ್ದ ಭಜನೆ ಆ್ಯಪ್ ಒಂದು!

ಪ್ಲೇ ಸ್ಟೋರ್‌ನಲ್ಲಿದೆ, ರೇಟಿಂಗ್ ಚೆನ್ನಾಗಿದೆ, ಇನ್ನೇನು ಅಂತ ನಂಬಬೇಡಿ. 2014ರಲ್ಲಿ ‘ವೈರಸ್ ಶೀಲ್ಡ್’ ಅಂತ ಒಂದು ಆ್ಯಪ್ ಅಲ್ಲೇ 3.99 ಡಾಲರ್‌ಗೆ ಮಾರಾಟವಾಗುತ್ತಿತ್ತು. ಹತ್ತು ಸಾವಿರಕ್ಕೂ ಜಾಸ್ತಿ ಡೌನ್‌ಲೋಡ್, ಒಳ್ಳೆ ರೇಟಿಂಗ್. ಕೋಡ್ ಬಿಚ್ಚಿ ನೋಡಿದವರಿಗೆ ಕಂಡಿದ್ದೇನು ಗೊತ್ತಾ? ಒತ್ತಿದರೆ ಇಂಟು ಗುರುತು ಹೋಗಿ ರೈಟ್ ಗುರುತು ಬರುತ್ತಿತ್ತು. ಅಷ್ಟೇ. ವೈರಸ್ ಹುಡುಕುವ ಕೆಲಸವೇ ಅದರಲ್ಲಿ ಇರಲಿಲ್ಲ.

ಇಂಥ ಸಬ್‌ಸ್ಕ್ರಿಪ್ಷನ್ ಬಲೆ ಬೀಸಬಾರದು ಅಂತ 2023ರ ನವೆಂಬರ್‌ನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಬೀಸುವವರು ಬೀಸುತ್ತಲೇ ಇದ್ದಾರೆ, ಅದು ಬೇರೆ ಮಾತು. ಪ್ಲೇ ಸ್ಟೋರ್ ಮೂಲಕ ದುಡ್ಡು ಕೊಟ್ಟು 48 ಗಂಟೆ ದಾಟಿಲ್ಲದಿದ್ದರೆ ಮೊದಲು ಅಲ್ಲೇ ರೀಫಂಡ್ ಕೇಳಿ. ದಾಟಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದುಡ್ಡು ಕಡಿತವಾದ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಮಾತ್ರ ತೆಗೆದಿಟ್ಟುಕೊಂಡಿರಿ.