ಕೊನೆಯ ಐದು ಅಡಿ

ಫ್ಯಾಟಿ ಲಿವರ್ ಬಗ್ಗೆ ಈಗ ಮದುವೆ ಊಟದ ಪಂಕ್ತಿಯಲ್ಲೂ ಮಾತಾಡಬಹುದು. ಸ್ಟೆಂಟ್ ಹಾಕಿಸಿಕೊಂಡವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಲೆಕ್ಕ ಒಪ್ಪಿಸುತ್ತಾರೆ. ದೊಡ್ಡ ಕರುಳಿನ ಮಾತು ಮಾತ್ರ ಎತ್ತುವಂತಿಲ್ಲ. ಎತ್ತಿದರೆ ಅಜ್ಜಿ ಕಣ್ಣು ಬಿಡುತ್ತಾರೆ. ಬೆಳಗಾದರೆ ಅದೇ ಅಜ್ಜಿ ಮೊಮ್ಮಗನನ್ನು ಕೇಳುವ ಮೊದಲ ಪ್ರಶ್ನೆ, "ಹೊಟ್ಟೆ ಕ್ಲಿಯರ್ ಆಯ್ತೇನೋ?"

ದೊಡ್ಡ ಕರುಳಿನ ದಾರಿ ಶುರುವಾಗುವುದು ಹೊಟ್ಟೆಯ ಬಲಗಡೆ, ಕೆಳಗೆ. ಅಲ್ಲೇ ಅಪೆಂಡಿಕ್ಸ್ ನೇತಾಡುತ್ತಿರುತ್ತದೆ. ಅಲ್ಲಿಂದ ಮೇಲೆ ಲಿವರ್ ತನಕ, ಆಮೇಲೆ ಅಡ್ಡಕ್ಕೆ ಎಡಗಡೆಗೆ, ಮತ್ತೆ ಕೆಳಗೆ, ಒಂದು ಸೊಟ್ಟ ತಿರುವು, ಗುದನಾಳ. ಎಲ್ಲ ಸೇರಿ ಸುಮಾರು ಒಂದೂವರೆ ಮೀಟರ್, ಐದು ಅಡಿ. ಸಣ್ಣ ಕರುಳು ಇಪ್ಪತ್ತು ಅಡಿ ಇದೆ. ಇದು ಅಗಲದಲ್ಲಷ್ಟೇ ದೊಡ್ಡದು.

ದಿನಕ್ಕೆ ಸುಮಾರು 9 ಲೀಟರ್ ದ್ರವ ನಮ್ಮ ಕರುಳಿಗೆ ಇಳಿಯುತ್ತದೆ. ನಾವು ಕುಡಿದದ್ದು, ತಿಂದದ್ದು ಅದರಲ್ಲಿ 2 ಲೀಟರ್ ಇರಬಹುದು. ಮಿಕ್ಕದ್ದೆಲ್ಲ ಜೊಲ್ಲು, ಜಠರರಸ, ಪಿತ್ತ, ಹೀಗೆ ಮೈಯದೇ ಸ್ವಂತ ನೀರು. ಸಣ್ಣ ಕರುಳು ಮುಕ್ಕಾಲುಪಾಲಿಗಿಂತ ಜಾಸ್ತಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟು ತೆಳ್ಳಗಿನದನ್ನು ಮುಂದೆ ದಾಟಿಸುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಸುಸ್ತಾದ ಬೆಂಗಳೂರಿನ ಗೃಹಿಣಿ ಅಕ್ಕಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಅಲ್ವಾ? ದೊಡ್ಡ ಕರುಳೂ ಹಾಗೇ. ನೀರು, ಉಪ್ಪು ಎರಡನ್ನೂ ವಾಪಸ್ ತೆಗೆದುಕೊಂಡು, ಕೊನೆಗೆ ಹೊರಗೆ ಬಿಡುವುದು ಒಂದು ಲೋಟದಷ್ಟು ನೀರು, ಅದೂ ತುಂಬಿದ ಲೋಟವಲ್ಲ. ಈ ಜಿಪುಣತನ ಎರಡು ದಿನ ಕೈಕೊಟ್ಟರೆ ಸಾಕು, ಓಆರ್‌ಎಸ್ ಪೊಟ್ಟಣ ಹುಡುಕಿಕೊಂಡು ಓಡುತ್ತೇವೆ.

ಇಷ್ಟು ಹಿಂಡಬೇಕಾದರೆ ಆತುರ ಪಟ್ಟರೆ ಆಗದು. ಒಂದು ದಿನ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ರಾತ್ರಿ ನಾವು ಮಲಗಿದರೆ ಅದೂ ಬಹುಮಟ್ಟಿಗೆ ಮಲಗುತ್ತದೆ. ಬೆಳಿಗ್ಗೆ ಎದ್ದು ಹೊಟ್ಟೆಗೆ ಏನಾದರೂ ಬಿದ್ದಾಗ, ಮೇಲಿನಿಂದ ಹೊಸ ಸರಕು ಬರುತ್ತಿದೆ ಎಂಬ ಸುದ್ದಿ ತಲುಪಿ, ಒಮ್ಮೆ ಜೋರಾಗಿ ಮುಂದಕ್ಕೆ ತಳ್ಳುತ್ತದೆ. ಕಾಫಿ ಕುಡಿಯದೆ ಆಗುವುದೇ ಇಲ್ಲ ಎನ್ನುವ ಯಜಮಾನರು ಸುಳ್ಳು ಹೇಳುತ್ತಿಲ್ಲ. ಎರಡು ತುತ್ತು ತಿಂದ ಕೂಡಲೇ "ಅಮ್ಮಾ, ಕಕ್ಕ" ಎನ್ನುವ ಮಗುವೂ ನಾಟಕ ಆಡುತ್ತಿಲ್ಲ. ಸುಮ್ನೆ ಬೈಸಿಕೊಳ್ಳುತ್ತದೆ, ಪಾಪ. ಇನ್ನು ದಿನಾ ಆಗಲೇಬೇಕು ಎಂಬ ಅಜ್ಜಿಯ ಕಾನೂನು ವೈದ್ಯರ ಪುಸ್ತಕದಲ್ಲಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಮಾಮೂಲು ಎಂದೇ ಅವರ ಲೆಕ್ಕ.

ಈ ನಿಧಾನವೇ ದೊಡ್ಡವರಿಗೂ ಅನುಮಾನ ತಂದಿತ್ತು. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಮೆಚ್ನಿಕಾಫ್, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದವರು. ದೊಡ್ಡ ಕರುಳು ಮನುಷ್ಯನಿಗೆ ಬೇಡದ ಹೊರೆ, ಅದರಲ್ಲಿ ಕೊಳೆಯುವ ವಿಷದಿಂದಲೇ ಮುಪ್ಪು ಬರುತ್ತದೆ ಎಂದು ನಂಬಿದ್ದರು. ಪರಿಹಾರವಾಗಿ ಹುಳಿ ಹಾಲು ಕುಡಿಯುತ್ತಿದ್ದರು. ನಮ್ಮ ಮಜ್ಜಿಗೆಯ ನೆಂಟನೇ ಅದು, ಹಾಗಾಗಿ ಅವರ ಮೇಲೆ ನನಗೆ ಕೋಪವಿಲ್ಲ. ಲಂಡನ್ನಿನ ಸರ್ಜನ್ ಆರ್ಬತ್ನಾಟ್ ಲೇನ್ ಮಾತ್ರ ಮಜ್ಜಿಗೆಗೆ ನಿಲ್ಲಲಿಲ್ಲ. ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ಒಬ್ಬಿಬ್ಬರದಲ್ಲ, ಅನೇಕರದು. ವಯಸ್ಸಾದ ಮೇಲೆ ಕತ್ತಿ ಕೆಳಗಿಟ್ಟು, ಹಣ್ಣು ತಿನ್ನಿ, ತರಕಾರಿ ತಿನ್ನಿ ಎಂದು ಪ್ರಚಾರಕ್ಕೆ ಇಳಿದರು. ಅದನ್ನೇ ಮೊದಲು ಹೇಳಿದ್ದರೆ ಎಷ್ಟು ಜನ ಉಳಿದುಕೊಳ್ಳುತ್ತಿದ್ದರೋ! ನಿಜ, ಕಾಯಿಲೆ ಬಂದು ದೊಡ್ಡ ಕರುಳು ತೆಗೆಸಿಕೊಂಡವರೂ ಬದುಕುತ್ತಾರೆ. ಆದರೆ ನೀರು, ಉಪ್ಪಿನ ಲೆಕ್ಕವನ್ನು ಅವರೇ ಇಟ್ಟುಕೊಳ್ಳಬೇಕು.

ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಬಿಟ್ಟಿ ಬಾಡಿಗೆದಾರರೂ ಅಲ್ಲ. ನಮಗೆ ಅರಗದ ನಾರನ್ನು ಅವು ಹುಳಿಯಿಸಿ, ಕರುಳಿನ ಒಳಪದರಕ್ಕೇ ಆಹಾರ ಮಾಡಿಕೊಡುತ್ತವೆ. ಒಂದಿಷ್ಟು ವಿಟಮಿನ್ ಕೆ ಕೂಡ. ಜೊತೆಗೆ ಗ್ಯಾಸ್. ಅವರೆಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ, ಅವುಗಳಲ್ಲಿದೆ. ಹಿತಕಿದ ಬೇಳೆ ಸಾರಿನ ಮಾರನೇ ದಿನ ಮನೆಮಂದಿಗೆಲ್ಲ ಗೊತ್ತಾಗುವುದು ಅದಕ್ಕೇ. ಆ ಗ್ಯಾಸಿನಲ್ಲಿ ಬಹುಪಾಲಿಗೆ ವಾಸನೆಯೇ ಇಲ್ಲ. ಹೆಸರು ಕೆಡಿಸುವುದು ಚೂರುಪಾರು ಗಂಧಕದ ಸಂಯುಕ್ತಗಳು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಎರಡು ಅಂಗುಲ. ಬಾಗಿಲಲ್ಲಿ ಎರಡು ಸ್ನಾಯುಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಗುದನಾಳ ತುಂಬಿದಾಗ ಒಳಗಿನದು ಒಂದು ಕ್ಷಣ ಸಡಿಲಾಗಿ ಸ್ಯಾಂಪಲ್ ತೋರಿಸುತ್ತದೆ. ಅಲ್ಲಿನ ನರಗಳು ಮುಟ್ಟಿ ನೋಡಿ, ಬಂದಿರುವುದು ಗಾಳಿಯೋ, ನೀರೋ, ಗಟ್ಟಿಯೋ ಎಂದು ವರದಿ ಕೊಡುತ್ತವೆ. ಆಫೀಸಿನ ಮೀಟಿಂಗ್ ನಡುವೆ, ತುಂಬಿದ ಬಸ್ಸಿನಲ್ಲಿ ಈ ತಪಾಸಣೆ ನಮಗೆ ಗೊತ್ತಿಲ್ಲದೆಯೇ ನಡೆಯುತ್ತಿರುತ್ತದೆ. ತೀರ್ಪು ತಪ್ಪುವುದು ಅಪರೂಪ. ಬೇಧಿಯಾದ ದಿನ ಮಾತ್ರ ಅದನ್ನು ನಂಬಿ ಮನೆಯಿಂದ ಹೊರಡಬಾರದು.