ಮರದ ದೆಸೆಯಿಂದ ಎಲೆ ಬಿತ್ತಂತೆ

ಕಳೆದ ಜುಲೈನಲ್ಲಿ ಬಾಗಲಕೋಟೆಗೆ ಹೋಗಿದ್ದೆ. ನವನಗರದಲ್ಲಿ ಅಕ್ಕನ ಮನೆ. ಸಂಜೆ ಹೊತ್ತು, ಅಕ್ಕನ ಮಗಳು ಪಡಸಾಲೆಯಲ್ಲಿ ಪುಸ್ತಕ ಮುಚ್ಚಿಟ್ಟು, ಹಿಂದೆ ಮುಂದೆ ತೂಗುತ್ತಾ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡುತ್ತಿದ್ದಳು. "ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಇಗೆ ಕ್ಕೆ, ಪಂಚಮೀ ದೆಸೆಯಿಂದ..." ಮೂವತ್ತು ವರ್ಷದ ಹಿಂದೆ ನಾವೂ ಇದೇ ರಾಗದಲ್ಲಿ ಒದರುತ್ತಿದ್ದೆವು. ಕೇಳಿ ಖುಷಿಯೇ ಆಯಿತು.

ಪಕ್ಕದಲ್ಲಿ ಕೂತಿದ್ದ ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿದ್ದು, ಓದುತ್ತಿರುವುದು ಜರ್ಮನಿಯ ಕೋಲ್ನ್ ಊರಲ್ಲಿ. ಮನೆಯಲ್ಲಿ ಮಾತ್ರ ಕನ್ನಡ. ಅವಳು ಕೇಳಿದಳು, "ಅಪ್ಪಾ, ದೆಸೆಯಿಂದ ಅಂದ್ರೇನು?"

ನಾನು ಪುಸ್ತಕ ತೆಗೆದು ಉದಾಹರಣೆ ತೋರಿಸಿದೆ. ಮರದ ದೆಸೆಯಿಂದ ಎಲೆ ಬಿತ್ತು.

"ಮರದಿಂದ ಬಿತ್ತು ಅಂದ್ರೆ ತಪ್ಪಾ?"

ತಪ್ಪಲ್ಲ. ಎಲ್ಲರೂ ಹಾಗೇ ಹೇಳೋದು. ಮತ್ತೆ ಇದನ್ನು ಯಾರು ಹೇಳುತ್ತಾರೆ? ನನಗೆ ಉತ್ತರ ಹೊಳೆಯಲಿಲ್ಲ. ಒಳಗಿಂದ ಅಕ್ಕ ಕೂಗಿದಳು, "ಪರೀಕ್ಷಾಕ್ಕ ಬರ್ತೈತವಾ ಅದು. ಸುಮ್ನ ಬಾಯಿಪಾಠ ಮಾಡೂದು, ಕೇಳಬಾರ್ದು."

ಆ 'ಕೇಳಬಾರ್ದು' ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಾನು ವ್ಯಾಕರಣದ ಮೇಷ್ಟ್ರಲ್ಲ, ಕಂಪ್ಯೂಟರ್ ಕೆಲಸದವನು. ಆದರೆ ಮೂರು ಊರಲ್ಲಿ ಮೂರು ರೀತಿಯಲ್ಲಿ ಭಾಷೆ ಕಲಿತವನು. ಬಾಗಲಕೋಟೆಯಲ್ಲಿ ಕನ್ನಡ ವ್ಯಾಕರಣವನ್ನು ಛಡಿ ಏಟು ತಿಂದು ಕಲಿತೆ. ಬೆಳಗಾವಿಯಲ್ಲಿ ಮರಾಠಿಯನ್ನು ಚಹಾ ಕುಡಿದು ಕಲಿತೆ. ಕೋಲ್ನ್‌ನಲ್ಲಿ ಜರ್ಮನ್ ಭಾಷೆಯನ್ನು ಫೀ ಕಟ್ಟಿ ಕಲಿತೆ.

ಚಹಾದಿಂದಲೇ ಶುರು ಮಾಡುತ್ತೇನೆ. ಕಾಲೇಜಿಗೆ ಬೆಳಗಾವಿಯಲ್ಲಿದ್ದೆ. ಖಡೇಬಜಾರಿನ ಹತ್ತಿರ ಒಂದು ಚಹಾದ ಅಂಗಡಿ. ಅಂಗಡಿಯ ಕಾಕಾಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ನನಗೆ ಮರಾಠಿ ಕಲಿಯುವ ಹುಕಿ. ಒಂದು ದಿನ "ಚಹಾ ಝಾಲೀ ಕಾ?" ಅಂದೆ. ಚಹಾ ಆಯಿತಾ ಅಂತ. ಕಾಕಾ ಸಾಣಿಗೆಯಿಂದ ಕಣ್ಣೆತ್ತದೆ "ಝಾಲಾ" ಅಂದರು. ಅಷ್ಟೇ. ಮರುದಿನ ಸಕ್ಕರೆ ವಿಷಯಕ್ಕೆ ನಾನು "ಝಾಲಾ" ಅಂದರೆ, ಅವರು "ಝಾಲೀ" ಅಂದರು. ಮರಾಠಿಯಲ್ಲಿ ಚಹಾ ಗಂಡು, ಸಾಖರ ಹೆಣ್ಣು, ದೂಧ ಎರಡೂ ಅಲ್ಲ. ಒಂದು ಕಪ್ಪಿನಲ್ಲಿ ಮೂರು ಲಿಂಗ! ಕನ್ನಡದವರಿಗೆ ಇದು ದೊಡ್ಡ ಗೋಜಲು. ನಮ್ಮಲ್ಲಿ ಗಂಡಸು ಗಂಡು, ಹೆಂಗಸು ಹೆಣ್ಣು, ಉಳಿದ ಸಾಮಾನೆಲ್ಲ 'ಅದು'. ಅರ್ಥ ಗೊತ್ತಾದರೆ ಲಿಂಗ ಗೊತ್ತಾಯಿತು, ಯಾರೂ ಪಟ್ಟಿ ಉರು ಹೊಡೆಯಬೇಕಿಲ್ಲ.

ಇನ್ನೂ ಮಜಾ ಮಾವಿನ ಹಣ್ಣಿನದು. 'ಮೀ ಆಂಬಾ ಖಾಲ್ಲಾ', 'ಮೀ ಪೋಳೀ ಖಾಲ್ಲೀ'. ತಿಂದವನು ನಾನೇ, ಆದರೆ ಕ್ರಿಯಾಪದ ನನ್ನ ಕಡೆ ನೋಡುವುದೇ ಇಲ್ಲ. ತಿಂದದ್ದು ಏನು ಅಂತ ನೋಡುತ್ತದೆ. ಆಂಬಾ ಗಂಡು, ಅದಕ್ಕೆ ಖಾಲ್ಲಾ. ಪೋಳೀ, ಅಂದರೆ ಚಪಾತಿ, ಹೆಣ್ಣು, ಅದಕ್ಕೆ ಖಾಲ್ಲೀ. ಬೆಳಗಾವಿಯ ಓಣಿಯಲ್ಲಿ ಆಡುವ ಕನ್ನಡ ಮನೆಯ ಹುಡುಗರು ಇದನ್ನು ತಪ್ಪದೆ ಆಡುತ್ತಾರೆ. ಮನೆಗೆ ಬಂದು "ನಾ ಮಾವಿನಹಣ್ಣ ತಿಂದೆ" ಅನ್ನುವಾಗ ಕ್ರಿಯಾಪದವನ್ನು ಮತ್ತೆ 'ನಾನು' ಕಡೆಗೆ ತಿರುಗಿಸುತ್ತಾರೆ. ದಿನಕ್ಕೆ ನೂರು ಸಲ ಹೀಗೆ ಹಳಿ ಬದಲಿಸುವ ಹುಡುಗರನ್ನು ಸಾಲಿಯಲ್ಲಿ ಕೂರಿಸಿ ನಾವು ಏನು ಹೇಳುತ್ತೇವೆ? "ನಿನಗ ವ್ಯಾಕರಣ ಬರೂದಿಲ್ಲ."

ಇನ್ನು ಕೋಲ್ನ್. ಸಂಜೆ ಆರೂವರೆಗೆ ಕ್ಲಾಸು. ಮೊದಲ ವಾರವೇ ಒಂದು ವಾಕ್ಯ ಬಂತು. ಚಳಿ ಆದರೆ ಏನನ್ನಬೇಕು? ಇಂಗ್ಲಿಷಿನಲ್ಲಿ ಯೋಚಿಸುವವರೆಲ್ಲ 'ಇಶ್ ಬಿನ್ ಕಲ್ಟ್' ಅಂದರು. ಅಂದರೆ 'ನಾನು ತಣ್ಣಗಿದ್ದೇನೆ'. ಟೀಚರ್ ನಕ್ಕರು. ಸರಿಯಾದದ್ದು 'ಮೀರ್ ಇಸ್ಟ್ ಕಲ್ಟ್'. ಮೀರ್ ಅಂದರೆ ನನಗೆ. ನನಗೆ ಚಳಿ! ಚಳಿಯನ್ನು ನಾನು ಮಾಡುವುದಿಲ್ಲ, ಅದು ನನಗೆ ಆಗುತ್ತದೆ. ನನಗೆ ಹಸಿವು, ನನಗೆ ನಿದ್ದೆ, ನನಗೆ ಸಿಟ್ಟು, ನನಗೆ ಕನ್ನಡ ಬರುತ್ತದೆ. ಕನ್ನಡದವನಿಗೆ ಇದನ್ನು ಬಿಡಿಸಿ ಹೇಳಬೇಕಾ? ಟೀಚರ್ 'ಡಾಟಿವ್' ಅಂದರು, ನಾನು ಮನಸ್ಸಿನಲ್ಲೇ 'ಚತುರ್ಥೀ' ಅಂದುಕೊಂಡೆ. ಎಲ್ಲ ಕಡೆ ಹೊಂದುತ್ತದೆ ಅಂತಲ್ಲ. ಜರ್ಮನರಿಗೆ ಹಸಿವು 'ಆಗುವುದಿಲ್ಲ', ಅವರು ಹಸಿವನ್ನು 'ಹೊಂದಿರುತ್ತಾರೆ'. ಆದರೂ ಬಾಗಿಲು ತೆರೆಯಲು ಅಷ್ಟು ಸಾಕಿತ್ತು.

ಆ ದಿನ ನಮ್ಮ ಮಾಸ್ತರನ್ನು ನೆನೆಸಿಕೊಂಡೆ, ಒಳ್ಳೆಯ ಮಾತಿನಿಂದಲೇ. ಬಾಯಿಪಾಠವನ್ನು ಪೂರ್ತಿ ಬೈಯುವವರ ಸಾಲಿನಲ್ಲಿ ನಾನಿಲ್ಲ. ಆ ಪಟ್ಟಿ ತಲೆಯಲ್ಲಿ ಇದ್ದದ್ದಕ್ಕೇ ನನಗೆ ಜರ್ಮನ್ ವಿಭಕ್ತಿ ಬೇಗ ಹತ್ತಿತು. ಅಲ್ಲಿಯೂ ಏನು ಕಮ್ಮಿ? ಡಾಟಿವ್ ಬೇಡುವ ಪದಗಳನ್ನು 'ಔಸ್, ಬೈ, ಮಿಟ್, ನಾಖ್, ಫೊನ್, ತ್ಸು' ಅಂತ ಇಡೀ ಕ್ಲಾಸು ಒಟ್ಟಿಗೆ ಒದರುತ್ತಿತ್ತು. ಛಡಿ ಒಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸಂಧಿಯೂ ಹಾಗೇ ಕೈಹಿಡಿಯಿತು. ಜರ್ಮನ್‌ನಲ್ಲಿ ನಾಯಿಗೆ ಬರೆಯುವಾಗ 'ಹುಂಡ್', ಹೇಳುವಾಗ 'ಹುಂಟ್'. ದಿನಕ್ಕೆ ಬರೆಯುವುದು 'ಟಾಗ್', ಹೇಳುವುದು 'ಟಾಕ್'. ಪದದ ಕೊನೆಗೆ ಬಂದ ಗ, ಡ, ಬ ಗಟ್ಟಿಯಾಗಿ ಕ, ಟ, ಪ ಆಗುತ್ತವೆ. ಬಹುವಚನ ಮಾಡಿ, 'ಟಾಗೆ' ಅಂತ ಗ ವಾಪಸ್ ಬರುತ್ತದೆ. ಕ್ಲಾಸಿನವರು ಗೊಣಗುತ್ತಿದ್ದರು. ನನಗೆ ಮಾತ್ರ ಎಲ್ಲೋ ನೋಡಿದ ಮುಖ ಅನಿಸಿತು. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ನಮ್ಮ ಆದೇಶ ಸಂಧಿಯಲ್ಲಿ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತವೆ. ಅವರದು ಅದೇ ದಾರಿಯಲ್ಲಿ ಎದುರಿಂದ ಬರುವ ಬಸ್ಸು.

ಆದರೆ ನೋಡಿ, ಆದೇಶ ಸಂಧಿ ಅಂದರೆ ಬಾಯಿ ಮಾಡುವ ಕೆಲಸ ಅಂತ ನನಗೆ ಹೊಳೆದದ್ದು ಕೋಲ್ನ್‌ನಲ್ಲಿ, ನಲವತ್ತರ ಹತ್ತಿರ ಬಂದಾಗ. ಸಾಲಿಯಲ್ಲಿ ಅದು ಎರಡು ಅಂಕದ ಪ್ರಶ್ನೆ, 'ಬಿಡಿಸಿ ಹೆಸರಿಸಿ'. ಲೋಪ ಸಂಧಿಗೆ ಪುಸ್ತಕದಲ್ಲಿ 'ಊರೂರು' ಅಂತ ಇರುತ್ತದೆ. ಅದನ್ನು ಬರೆದ ಹುಡುಗ ಗೆಳೆಯನಿಗೆ "ಎಲ್ಲಿದ್ದಿ? ಊಟಕ್ಕೇನೈತಿ?" ಅಂತ ಕೇಳುತ್ತಾನೆ. ಎಲ್ಲಿ ಇದ್ದಿ, ಊಟಕ್ಕೆ ಏನು ಐತಿ. ಅಷ್ಟರಲ್ಲೇ ಮೂರು ಸಲ ಸ್ವರ ಬಿದ್ದುಹೋಯಿತು. ಇದೂ ಅದೇ ಸಂಧಿ ಅಂತ ನಮಗೆ ಯಾರೂ ಹೇಳಲಿಲ್ಲ.

ಈಗ ಹೆಸರುಗಳ ಮಾತು. ನನಗೆ ಹೆಚ್ಚು ತಾಗಿದ್ದು ಇದೇ. ನನ್ನ ಮಗಳ ಪ್ರಾಥಮಿಕ ಶಾಲೆಯಲ್ಲಿ ವಿಭಕ್ತಿಗೆ ಲ್ಯಾಟಿನ್ ಹೆಸರಿನ ಜೊತೆಗೇ ಮನೆಯ ಹೆಸರೂ ಹೇಳಿಕೊಡುತ್ತಾರೆ. ವೇರ್-ಫಾಲ್, ವೇನ್-ಫಾಲ್, ವೇಮ್-ಫಾಲ್, ವೆಸ್-ಫಾಲ್. ಅಂದರೆ 'ಯಾರು' ವಿಭಕ್ತಿ, 'ಯಾರನ್ನು' ವಿಭಕ್ತಿ, 'ಯಾರಿಗೆ' ವಿಭಕ್ತಿ, 'ಯಾರ' ವಿಭಕ್ತಿ. ಮಗು ವಾಕ್ಯಕ್ಕೆ ಪ್ರಶ್ನೆ ಹಾಕುತ್ತದೆ, ಬಂದ ಉತ್ತರವೇ ವಿಭಕ್ತಿಯ ಹೆಸರು. ಕ್ರಿಯಾಪದಕ್ಕೆ 'ಮಾಡುವ ಮಾತು', ಗುಣವಾಚಕಕ್ಕೆ 'ಹೇಗೆ ಮಾತು' ಅನ್ನುವಂಥ ಹೆಸರುಗಳೂ ಇವೆ. ದೊಡ್ಡ ಹೆಸರು ಆಮೇಲೆ ತಾನಾಗೇ ಬರುತ್ತದೆ.

ನಮ್ಮ 'ಚತುರ್ಥೀ' ಅಂದರೆ ನಾಲ್ಕನೆಯದು. ಯಾವುದರಲ್ಲಿ ನಾಲ್ಕನೆಯದು? ಸಂಸ್ಕೃತದ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಏಳು ಮನೆ ಇವೆ. ಕನ್ನಡದಲ್ಲಿ ಮೂರಕ್ಕೂ ಐದಕ್ಕೂ ಒಂದೇ 'ಇಂದ'. ಕೈಯಿಂದ ಬರೆದೆ, ಊರಿಂದ ಬಂದೆ. ಮನೆ ಖಾಲಿ ಬಿಡಬಾರದು ಅಂತ ಐದನೆಯದಕ್ಕೆ 'ದೆಸೆಯಿಂದ' ತಂದು ಕೂರಿಸಿದರು. ಹಳಗನ್ನಡದ ವ್ಯಾಕರಣಕ್ಕೆ 'ಅತ್ತಣಿಂ' ಇತ್ತು, ಹೊಸಗನ್ನಡಕ್ಕೆ ಇದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಎಷ್ಟೋ ವರ್ಷ ಬರೆದರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ, ಮುಖ್ಯವಾಗಿ ಕಾಗುಣಿತದ ವಿಷಯದಲ್ಲಿ. ಆದರೆ ಈ ಮರದ ದೆಸೆಯ ಎಲೆಯನ್ನು ನೋಡಿದಾಗ ಅವರ ಮಾತು ಹೌದು ಅನಿಸುತ್ತದೆ.

ಹಾಗಂತ ಹಳಬರನ್ನು ಬೈಯುವುದೂ ಬೇಡ. 13ನೇ ಶತಮಾನದ ಕೇಶಿರಾಜ ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ, ಪದ್ಯದಲ್ಲಿ ಬರೆದ. ಸೂತ್ರ ಹೇಳಿ, ತನಗಿಂತ ಹಿಂದಿನ ಕವಿಗಳು ಬಳಸಿದ್ದನ್ನು ಪುರಾವೆಯಾಗಿ ಕೊಟ್ಟ. ಬಳಕೆ ನೋಡಿ ನಿಯಮ ಹೇಳು ಅನ್ನುವ ಬುದ್ಧಿ ಅದು. ಅವನ ಸೂತ್ರ ಇಟ್ಟುಕೊಂಡು ಬುದ್ಧಿ ಬಿಟ್ಟವರು ನಾವು.

ನನ್ನ ಹಳೇ ಗಾಯ ಒಂದಿದೆ. ಆರನೇ ಇಯತ್ತೆಯಲ್ಲಿ ನಿಬಂಧ ಬರೆಯುವಾಗ 'ನಮ್ಮ ಅಪ್ಪ ಹೊಲದಾಗ ಕೆಲಸ ಮಾಡಾಕತ್ತಾನ' ಅಂತ ಬರೆದಿದ್ದೆ. ಕೆಂಪು ಗೆರೆ ಬಿತ್ತು, ಅಂಗೈಗೆ ಎರಡು ಬಿದ್ದವು. "ಮಂಗ್ಯಾ, ಇದು ಕನ್ನಡ ಏನು?" 'ಮಾಡುತ್ತಿದ್ದಾರೆ' ಅಂತ ಹತ್ತು ಸಲ ಬರೆಸಿದರು. ಪುಸ್ತಕದ ಕನ್ನಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಮಾಡಾಕತ್ತಾನ' ಸುಮ್ಮನೆ ಕೆಟ್ಟುಹೋದ ಮಾತಲ್ಲ. ಮಾಡಲಿಕ್ಕೆ ಹತ್ತು, ಅಂದರೆ ಕೆಲಸಕ್ಕೆ ಅಂಟಿಕೊಳ್ಳುವುದು. ಅದಕ್ಕೊಂದು ಕಟ್ಟುನಿಟ್ಟಾದ ನಿಯಮ ಇದೆ. ಪಕ್ಕದ ಮರಾಠಿಯಲ್ಲೂ ಅದೇ ಜಾಡಿನಲ್ಲಿ 'ಕರಾಯ್ಲಾ ಲಾಗ್ಲಾ' ಅನ್ನುತ್ತಾರೆ.

ಕೋಲ್ನ್ ಜನ ಆಫೀಸಿನಲ್ಲಿ 'ಇಶ್ ಬಿನ್ ಆಮ್ ಆರ್ಬೈಟೆನ್' ಅನ್ನುತ್ತಾರೆ. ಕೆಲಸ ಮಾಡುತ್ತಾ ಇದ್ದೇನೆ ಅಂತ. ನಮ್ಮ ಪಠ್ಯದಲ್ಲಿ ಆ ರೂಪ ಇರಲೇ ಇಲ್ಲ. ಟೀಚರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಬರೆದು, "ವ್ಯಾಕರಣದವರು ಇದನ್ನು ರೈನ್ ಸೀಮೆಯ ರೂಪ ಅಂತ ಕರೆಯುತ್ತಾರೆ. ಇಲ್ಲಿ ಎಲ್ಲರೂ ಆಡುತ್ತಾರೆ, ನೀವೂ ಆಡಿ. ಪರೀಕ್ಷೆಯಲ್ಲಿ ಬರೆಯಬೇಡಿ" ಅಂದರು. ಅಲ್ಲಿರುವ 'ಆಮ್' ಅನ್ನುವುದರ ಒಳಗೆ 'ಆನ್' ಇದೆ. ಗೋಡೆಗೆ ಹತ್ತಿಕೊಂಡ ಚಿತ್ರಕ್ಕೆ ಬಳಸುವ ಮಾತು ಅದು. ಕೆಲಸಕ್ಕೆ ಹತ್ತಿದ್ದೇನೆ! ಎರಡು ಮೂರು ನಿಮಿಷದ ಮಾತು, ಆದರೆ ನನ್ನ ಅಂಗೈ ಸುಮ್ನೆ ಚುರ್ ಅಂದಿತು.

ಜರ್ಮನಿಯಲ್ಲಿ ಎಲ್ಲವೂ ಚೆಂದ ಅಂತ ಹೇಳಲು ಹೊರಟಿಲ್ಲ. ಸೀಮೆಯ ಮಾತು ಆಡಿದ್ದಕ್ಕೆ ತನ್ನ ಕಾಲದ ಶಾಲೆಯಲ್ಲಿ ಬೈಸಿಕೊಂಡದ್ದನ್ನು ನಮ್ಮ ಕಟ್ಟಡದ ಅಜ್ಜಿ ಈಗಲೂ ಹೇಳಿಕೊಂಡು ನಗುತ್ತಾರೆ. ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ ಅನ್ನುವ ಭಾಷೆಯಿಂದ ಜಾಸ್ತಿ ನ್ಯಾಯ ನಿರೀಕ್ಷಿಸಲೂಬಾರದು. ನಾನು ಕೇಳುವುದು ಸಣ್ಣದು. ಐದನೇ ಇಯತ್ತೆಯಲ್ಲಿ ಸಂಧಿಗೆ ಮೊದಲ ಉದಾಹರಣೆ ಹುಡುಗರ ಬಾಯಿಂದಲೇ ಬರಲಿ. ಮನೆಯಲ್ಲಿ ಅವ್ವ ಆಡಿದ ಹತ್ತು ಮಾತು ಬರೆದುಕೊಂಡು ಬರಲಿ. ಬಾಗಲಕೋಟೆಯವನು 'ಐತಿ' ತರುತ್ತಾನೆ, ವಿಜಯಪುರದವಳು 'ಅದ' ತರುತ್ತಾಳೆ, ಪುಸ್ತಕ 'ಇದೆ' ಅನ್ನುತ್ತದೆ. ಮೂರನ್ನೂ ಹಲಗೆಯ ಮೇಲೆ ಬರೆದು ನೋಡಲಿ. 'ದೆಸೆಯಿಂದ' ಬೇಕಿದ್ದರೆ ಹೈಸ್ಕೂಲಿನಲ್ಲಿ ಹಳೆಯ ಕಥೆಯಾಗಿ ಬರಲಿ.

ಅಕ್ಕನ ಮಗಳ ಶಾಲೆಯ ಅಕ್ಕೋರಿಗೂ ಇದನ್ನು ಹೇಳಿದೆ. "ನೀವು ಹೇಳೂದು ಖರೇ ಐತ್ರಿ, ಆದ್ರ ಪೋರ್ಶನ್ ಮುಗಸಬೇಕಲ್ರಿ" ಅಂದರು. ಒಂದು ಕೋಣೆಯಲ್ಲಿ ಅರವತ್ತು ಹುಡುಗರನ್ನು ಕೂರಿಸಿಕೊಂಡವರಿಗೆ ನಾನು ಏನು ಹೇಳಲಿ?

ವಾಪಸ್ ಹೊರಡುವ ಮುಂಚಿನ ಭಾನುವಾರ ಎಲ್ಲರೂ ಬಾದಾಮಿಗೆ ಹೋದೆವು. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 1300 ವರ್ಷ ಹಳೆಯದು. ಆ ಲಿಪಿ ನಮಗೆ ಯಾರಿಗೂ ಓದಲು ಬರುವುದಿಲ್ಲ. ಆದರೆ ಅಕ್ಕನ ಮಗಳಿಗೆ ಸಾಲು ಬಾಯಿಪಾಠ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ..." ಅಂತ ಶುರು ಮಾಡಿದಳು.

ನನ್ನ ಮಗಳು ನಡುವೆಯೇ ತಡೆದಳು. "ಯಾರಿಗೆ? ಸಾಧುಗೆ! ವೇಮ್-ಫಾಲ್!"

"ಚತುರ್ಥೀ ಅದು," ಅಂದಳು ಇವಳು.

ಇಬ್ಬರೂ ಕೂಡಿ ಉಳಿದ ಸಾಲುಗಳಲ್ಲಿ 'ಗೆ' ಹುಡುಕಿದರು. ಕಲಿಗೆ ಸಿಕ್ಕಿತು. ಆಮೇಲೆ ನನ್ನ ಮಗಳಿಗೆ ನೆನಪಾಯಿತು. "ಅಕ್ಕಾ, ದೆಸೆಯಿಂದ ಎಲ್ಲಿದೆ ಇದರಲ್ಲಿ?"

ಅವಳು ಮತ್ತೊಮ್ಮೆ ಮೊದಲಿಂದ ಪೂರ್ತಿ ಹೇಳಿ ನೋಡಿದಳು.

"ಇಲ್ಲ. ಅದು ಬರೇ ಪರೀಕ್ಷಾದಾಗ ಇರ್ತೈತಿ."